ಸರ್ಕಾರಿ ಆಸ್ಪತ್ರೆಗೆ ಯಾವ ತಂತ್ರಾಂಶ: ಮುಕ್ತವೋ, ಕಂಪನಿ ಒಡೆತನದ್ದೋ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರವೇ ನಡೆಸುವ ಆಸ್ಪತ್ರೆಯೊಂದಿದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿ ರೋಗಿಗಳ ದಾಖಲೆ ಇಡುವ ಹಳೆಯ ತಂತ್ರಾಂಶವನ್ನು ನಿಲ್ಲಿಸಿ ಹೊಸದನ್ನು ಚಾಲೂ ಮಾಡಿದರು. ವೈದ್ಯರು ಎಂದಿನಂತೆ ಪರದೆಯ ಮೇಲೆ ಬರೆಯುತ್ತಾ ಹೋದರು: ಇವರಿಗೆ ಸ್ಕ್ಯಾನ್, ಅವರಿಗೆ ರಕ್ತ ಪರೀಕ್ಷೆ, ಮತ್ತೊಬ್ಬರನ್ನು ತಜ್ಞರ ಬಳಿಗೆ ಕಳುಹಿಸಿ. ಹಾಗೆ ಬರೆದ ಆದೇಶಗಳಲ್ಲಿ 11,000ಕ್ಕೂ ಹೆಚ್ಚು ಸೇರಬೇಕಾದ ವಿಭಾಗವನ್ನು ಸೇರಲೇ ಇಲ್ಲ. ಎಲ್ಲಿಗೆ ಹೋಗಬೇಕೆಂದು ಗುರುತು ಹತ್ತದ ಆದೇಶಗಳನ್ನು ತಂತ್ರಾಂಶ ಒಂದು ಅಜ್ಞಾತ ಸರದಿಗೆ ತಳ್ಳುತ್ತಿತ್ತು. ತಳ್ಳಿದ್ದೇನೆಂದು ವೈದ್ಯರಿಗೆ ತಿಳಿಸುತ್ತಲೂ ಇರಲಿಲ್ಲ. ಇದರಿಂದ 149 ರೋಗಿಗಳಿಗೆ ಹಾನಿಯಾಗಿದೆ ಎಂದು, ಆ ಆಸ್ಪತ್ರೆಯನ್ನು ನಡೆಸುವ ಮಾಜಿ ಸೈನಿಕರ ಇಲಾಖೆಯ ತನಿಖಾ ವಿಭಾಗವಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2022ರ ಜುಲೈನಲ್ಲಿ ವರದಿ ಕೊಟ್ಟಿತು.

ಹೊಸ ತಂತ್ರಾಂಶ ಸರ್ನರ್ ಎಂಬ ಕಂಪನಿಯದು. ನಿಲ್ಲಿಸಿದ ಹಳೆಯದರ ಹೆಸರು ವಿಸ್ಟಾ. ಅದು ಇಲಾಖೆಯ ಒಳಗೇ ಹುಟ್ಟಿದ್ದು, ಯಾರು ಬೇಕಾದರೂ ಪಡೆದು ಬಳಸಬಹುದಾದದ್ದು. ಅದೇ ಸರ್ಕಾರ, ಅವೇ ಆಸ್ಪತ್ರೆಗಳು, ಎರಡೂ ದಾರಿಗಳನ್ನು ನಡೆದು ನೋಡಿದ ಇಷ್ಟು ದೊಡ್ಡ ಉದಾಹರಣೆ ಅಪರೂಪ. ಅದಕ್ಕಾಗಿ ಈ ಹೋಲಿಕೆಯನ್ನು ಅಲ್ಲಿಂದಲೇ ಆರಂಭಿಸಿದೆ.

ಈ ಬರಹ ಆಯ್ಕೆ ಮಾಡಬೇಕಾದವರಿಗೆ: ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ, ಆಡಳಿತ ವೈದ್ಯಾಧಿಕಾರಿಗಳಿಗೆ, ಟೆಂಡರ್ ದಾಖಲೆ ಸಿದ್ಧಪಡಿಸುವವರಿಗೆ, ಟ್ರಸ್ಟ್ ಆಸ್ಪತ್ರೆ ನಡೆಸುವವರಿಗೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಜನರ ತೆರಿಗೆಯಿಂದ ನಡೆಯುವ ಆಸ್ಪತ್ರೆಗೆ ಮುಕ್ತ ತಂತ್ರಾಂಶವೇ ಸರಿ ಎಂಬುದು ನನ್ನ ನಿಲುವು. ಆದರೆ ಅದನ್ನು ನೋಡಿಕೊಳ್ಳುವವರಿಗೆ ವರ್ಷ ವರ್ಷವೂ ಸಂಬಳ ಕೊಡುವ ಸಿದ್ಧತೆ ಇರಬೇಕು. ಆ ಸಿದ್ಧತೆಯಿಲ್ಲದ ಕಡೆ ಅದನ್ನು ಹಾಕಿಸಿ ಕೈತೊಳೆದುಕೊಳ್ಳುವುದು ರೋಗಿಗೂ ಸಿಬ್ಬಂದಿಗೂ ಮಾಡುವ ಅನ್ಯಾಯ.

ಎರಡಲ್ಲ, ಮೂರು ಬಗೆ

ಸಭೆಗಳಲ್ಲಿ ಮಾತು ಹೆಚ್ಚಾಗಿ ಎಡವುವುದು ಹೆಸರುಗಳಲ್ಲಿ. ಕಂಪನಿ ಒಡೆತನದ ತಂತ್ರಾಂಶವೆಂದರೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ಕಂಪನಿಯ ಬಳಿಯೇ ಉಳಿಯುತ್ತದೆ. ನಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಮುಕ್ತ ತಂತ್ರಾಂಶದಲ್ಲಿ ಕೋಡ್ ನೋಡುವ, ತಿದ್ದುವ, ಇನ್ನೊಬ್ಬರಿಗೆ ಹಂಚುವ ಹಕ್ಕನ್ನು ಪರವಾನಗಿಯೇ ಕೊಡುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ: ಸರ್ಕಾರವೇ ಮಾಡಿಸಿ ಸರ್ಕಾರಿ ಆಸ್ಪತ್ರೆಗಳಿಗೆ ಕೊಡುವ ತಂತ್ರಾಂಶ. ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಹಾಸ್ಪಿಟಲ್, ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಇ-ಸುಶ್ರುತ್ ಈ ಬಗೆಯವು. ನಮ್ಮ ರಾಜ್ಯದ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಒಪಿಡಿ ಚೀಟಿ ಮುದ್ರಣವಾಗಿ ಬರುವುದು ಇ-ಹಾಸ್ಪಿಟಲ್‌ನಿಂದ. ಅದರಲ್ಲಿ ಕಂಪನಿಯ ಲಾಭದ ಲೆಕ್ಕವಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯವರು ಅದನ್ನು ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳುವಂತೆಯೂ ಇಲ್ಲ.

ಉಚಿತವಾಗಿ ಸಿಗುವುದು ಬೇರೆ, ಮುಕ್ತವಾಗಿರುವುದು ಬೇರೆ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ನಮಗೆ ಉಚಿತವಾಗಿಯೇ ಸಿಕ್ಕಿತು, ಅದು ಮಾಡಿದ ಉಪಕಾರವೂ ದೊಡ್ಡದು. ಆದರೂ ಯುನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಪತ್ರಿಕೆಗಳ, ಕಚೇರಿಗಳ, ಲೇಖಕರ ಎಷ್ಟೋ ವರ್ಷಗಳ ಬರಹ ಹಾಗೆ ಸಿಲುಕಿಕೊಂಡಿತ್ತು; ಪರಿವರ್ತಕಗಳು ಬಂದ ಮೇಲೆ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಕವಿತೆಯೊಂದು ಹಾಗೆ ಸಿಲುಕಿದರೆ ಕವಿ ನೆನಪಿನಿಂದ ಮತ್ತೆ ಬರೆದಾರು. ಐದು ವರ್ಷದ ಕೆಳಗಿನ ರಕ್ತ ಪರೀಕ್ಷೆಯ ಅಂಕಿಗಳನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ?

ವಿಸ್ಟಾ: ಆಸ್ಪತ್ರೆಯೊಳಗೆ ಹುಟ್ಟಿ ಬೆಳೆದದ್ದು

ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ 170ಕ್ಕೂ ಹೆಚ್ಚು ಆಸ್ಪತ್ರೆಗಳನ್ನು ನಡೆಸುತ್ತದೆ. ಅಲ್ಲಿ ಹೆಸರು ನೋಂದಾಯಿಸಿಕೊಂಡವರು ಸುಮಾರು 90 ಲಕ್ಷ ಜನ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಕೆಲವು ವೈದ್ಯರು ಮತ್ತು ಪ್ರೋಗ್ರಾಮರ್‌ಗಳು ತಮ್ಮ ತಮ್ಮ ಆಸ್ಪತ್ರೆಗಳಲ್ಲೇ ಕುಳಿತು, ಕೇಂದ್ರ ಕಚೇರಿಯ ವಿರೋಧವನ್ನೂ ಎದುರಿಸಿ, ಮಂಪ್ಸ್ ಎಂಬ ಭಾಷೆಯಲ್ಲಿ ಸಣ್ಣ ಸಣ್ಣ ಘಟಕಗಳನ್ನು ಬರೆಯತೊಡಗಿದರು. ಪಕ್ಕದ ಕೋಣೆಯ ಔಷಧ ವಿಭಾಗದವರು ಬಂದು ಇದು ಹೀಗಲ್ಲ ಎಂದರೆ ಅಂದೇ ತಿದ್ದುತ್ತಿದ್ದರು. ಈ ಘಟಕಗಳೆಲ್ಲ ಸೇರಿ ಬೆಳೆದದ್ದೇ ವಿಸ್ಟಾ. ಈ ಹೆಸರು ಬಂದದ್ದು 1990ರ ದಶಕದಲ್ಲಿ.

ಅದು ಬೆಳೆದ ಬಗೆಗೆ ಒಂದು ಉದಾಹರಣೆ ಕೊಡಬೇಕು. ಕಾನ್ಸಾಸ್‌ನ ಟೊಪೀಕಾದ ಆಸ್ಪತ್ರೆಯ ನರ್ಸ್ ಒಬ್ಬರು 1990ರ ದಶಕದ ಆರಂಭದಲ್ಲಿ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಿಂದ ಕಾರಿನ ಬಾರ್‌ಕೋಡ್ ಓದುವುದನ್ನು ಕಂಡರು. ರೋಗಿಯ ಕೈಪಟ್ಟಿಗೂ ಔಷಧದ ಪೊಟ್ಟಣಕ್ಕೂ ಇದನ್ನೇ ಮಾಡಿದರೆ ತಪ್ಪು ಔಷಧ ಕೊಡುವುದು ತಪ್ಪೀತು ಎಂದು ಅವರಿಗೆ ಹೊಳೆಯಿತು. ಅಲ್ಲಿನವರು ಅದನ್ನು ಮಾಡಿ ತೋರಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಇಲಾಖೆಯ ಎಲ್ಲ ಆಸ್ಪತ್ರೆಗಳಿಗೂ ಹರಡಿದರು. ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಹೊಳೆದದ್ದು ತಂತ್ರಾಂಶದೊಳಕ್ಕೆ ಹೀಗೆ ನೇರವಾಗಿ ಇಳಿಯಲು ಸಾಧ್ಯವಾದದ್ದು ಅದನ್ನು ಬರೆಯುವವರು ಅದೇ ಕಟ್ಟಡದಲ್ಲಿದ್ದುದರಿಂದ, ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲದ್ದರಿಂದ. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಊರಿನ ಎಷ್ಟೋ ಜನರ ಕಾಗದದ ವೈದ್ಯಕೀಯ ದಾಖಲೆಗಳು ನೀರುಪಾಲಾದವು. ಮಾಜಿ ಸೈನಿಕರ ದಾಖಲೆಗಳು ಕೆಲವೇ ದಿನಗಳಲ್ಲಿ ಬೇರೆ ಊರಿನ ಆಸ್ಪತ್ರೆಗಳ ಪರದೆಯ ಮೇಲಿದ್ದವು. ವಿಸ್ಟಾದ ಕೋಡ್ ಸಾರ್ವಜನಿಕ ಸ್ವತ್ತಾದ್ದರಿಂದ ಜೋರ್ಡಾನ್ ದೇಶ ಅದನ್ನೇ ತೆಗೆದುಕೊಂಡು 2009ರಲ್ಲಿ ಹಕೀಮ್ ಎಂಬ ಹೆಸರಿನಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳ ಯೋಜನೆಯನ್ನು ಆರಂಭಿಸಿತು.

ಇಷ್ಟು ಒಳ್ಳೆಯದನ್ನು ಬಿಟ್ಟದ್ದೇಕೆ? ಮುಕ್ತ ತಂತ್ರಾಂಶವನ್ನು ಮೆಚ್ಚುವ ನನ್ನಂಥವರು ಈ ಭಾಗವನ್ನು ಹಾರಿಸಿ ಮುಂದೆ ಹೋಗಬಾರದು. 2000ದ ದಶಕದ ನಡುವಿನಲ್ಲಿ ಇಲಾಖೆಯ ತಂತ್ರಜ್ಞಾನದ ಸಿಬ್ಬಂದಿಯನ್ನೆಲ್ಲ ಆಸ್ಪತ್ರೆಗಳಿಂದ ಬಿಡಿಸಿ ಒಂದೇ ಕೇಂದ್ರ ಕಚೇರಿಯ ಅಧೀನಕ್ಕೆ ತಂದರು. ಬರೆಯುವವರಿಗೂ ವಾರ್ಡಿಗೂ ಇದ್ದ ನಂಟು ಸಡಿಲವಾಯಿತು. ಮಂಪ್ಸ್ ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾದರು, ಅವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಲಿಲ್ಲ. ಮೊದಲಿನಿಂದಲೂ ಒಂದೊಂದು ಆಸ್ಪತ್ರೆ ಒಂದೊಂದು ರೀತಿ ತಿದ್ದಿಕೊಂಡದ್ದರಿಂದ ಸುಮಾರು 130 ಬೇರೆ ಬೇರೆ ವಿಸ್ಟಾಗಳಾಗಿದ್ದವು. ಎಲ್ಲವನ್ನೂ ಒಟ್ಟಿಗೆ ಹೊಸದಾಗಿಸುವುದು ಕಷ್ಟವಾಯಿತು. ಸೇನೆ ಅದಾಗಲೇ ಸರ್ನರ್ ಅನ್ನು ಆರಿಸಿಕೊಂಡಿತ್ತು. ಸೈನಿಕ ನಿವೃತ್ತನಾದಾಗ ದಾಖಲೆ ಜೊತೆಯಲ್ಲೇ ಬರಲಿ ಎಂಬುದು ನ್ಯಾಯವಾದ ಆಸೆಯೇ. 2018ರ ಮೇ ತಿಂಗಳಲ್ಲಿ ಸುಮಾರು 1,000 ಕೋಟಿ ಡಾಲರ್‌ಗೆ ಹತ್ತು ವರ್ಷದ ಒಪ್ಪಂದವಾಯಿತು.

ಸ್ಪೋಕೇನ್‌ನಲ್ಲಿ ಮುಂದೇನಾಯಿತು ಎಂಬುದನ್ನು ಮೇಲೆ ಹೇಳಿದ್ದೇನೆ. 2022ರಲ್ಲಿ ಸ್ವತಂತ್ರ ಸಂಸ್ಥೆಯೊಂದು ಲೆಕ್ಕ ಹಾಕಿದಾಗ 28 ವರ್ಷಗಳ ಒಟ್ಟು ವೆಚ್ಚ ಸುಮಾರು 5,000 ಕೋಟಿ ಡಾಲರ್ ಆಗಬಹುದೆಂದು ಬಂತು. ಅದೇ ವರ್ಷ ಸರ್ನರ್ ಕಂಪನಿಯನ್ನೇ ಒರೇಕಲ್ ಕೊಂಡುಕೊಂಡಿತು. ಅಂದರೆ ಒಪ್ಪಂದಕ್ಕೆ ಸಹಿ ಹಾಕಿದ್ದು ಒಬ್ಬರ ಜೊತೆ, ಸಂಸಾರ ಮತ್ತೊಬ್ಬರ ಜೊತೆ. ಐದು ಆಸ್ಪತ್ರೆಗಳಿಗೆ ತಲುಪುವಷ್ಟರಲ್ಲಿ ದೂರುಗಳು ಮಿತಿಮೀರಿ, 2023ರ ಏಪ್ರಿಲ್‌ನಲ್ಲಿ ಇಲಾಖೆ ವಿಸ್ತರಣೆಗೆ ತಡೆ ಹಾಕಿತು. ಉಳಿದ ಆಸ್ಪತ್ರೆಗಳು ಹಳೆಯ ವಿಸ್ಟಾದಲ್ಲೇ ಕೆಲಸ ಮುಂದುವರಿಸಿದವು.

ಇದನ್ನು ಮುಕ್ತ ತಂತ್ರಾಂಶದ ಗೆಲುವು ಎಂದು ನಾನು ಓದುವುದಿಲ್ಲ. ವಿಸ್ಟಾ ಚೆನ್ನಾಗಿ ನಡೆದದ್ದು ಬಲ್ಲವರು ಆಸ್ಪತ್ರೆಯಲ್ಲಿದ್ದಷ್ಟು ಕಾಲ. ಸರ್ನರ್ ಎಡವಿದಾಗ ಆಸ್ಪತ್ರೆಯವರ ಕೈ ಕಟ್ಟಿಹೋಗಿತ್ತು. ಅಜ್ಞಾತ ಸರದಿಯನ್ನು ಸರಿಪಡಿಸಲು ಕಂಪನಿಯ ಬಾಗಿಲು ತಟ್ಟಬೇಕಾಯಿತು. ಕೋಡ್ ತೆರೆದಿದೆಯೋ ಮುಚ್ಚಿದೆಯೋ ಎಂದು ಕೇಳುವ ಮೊದಲು, ಅದನ್ನು ಬಲ್ಲವರು ಯಾರು, ಅವರು ಯಾರ ಮಾತು ಕೇಳುತ್ತಾರೆ ಎಂದು ಕೇಳಬೇಕು. ಮುಂದಿನ ಎಲ್ಲ ಹೋಲಿಕೆಯನ್ನೂ ನಾನು ಈ ಅಳತೆಗೋಲಿನಿಂದಲೇ ಮಾಡುತ್ತೇನೆ.

ಹಣದ ಲೆಕ್ಕ

ಛತ್ತೀಸ್‌ಗಢದ ಬಿಲಾಸ್ಪುರ ಜಿಲ್ಲೆಯ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆಯ ಆಸ್ಪತ್ರೆಯಿದೆ. ದೆಹಲಿಯ ಏಮ್ಸ್‌ನಲ್ಲಿ ಓದಿದ ವೈದ್ಯರು ಬುಡಕಟ್ಟಿನ ಜನ, ಬಡ ರೈತರು ಇರುವ ಸೀಮೆಯಲ್ಲಿ ಕಟ್ಟಿದ್ದು. ಆ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್ ಕಂಪನಿಯ ಎಂಜಿನಿಯರ್‌ಗಳು 2010ರ ದಶಕದ ಆರಂಭದಲ್ಲಿ ಬಾಹ್ಮ್ನಿ ಎಂಬ ತಂತ್ರಾಂಶ ಸಿದ್ಧಪಡಿಸಿದರು. ಎಲ್ಲವನ್ನೂ ಹೊಸದಾಗಿ ಬರೆಯಲಿಲ್ಲ. ರೋಗಿಯ ದಾಖಲೆಗೆ ಓಪನ್‌ಎಂಆರ್‌ಎಸ್, ಪ್ರಯೋಗಾಲಯಕ್ಕೆ ಓಪನ್‌ಎಲಿಸ್, ಬಿಲ್ಲಿಗೂ ಔಷಧ ದಾಸ್ತಾನಿಗೂ ಓಡೂ, ಎಕ್ಸ್‌ರೇ ಚಿತ್ರಗಳಿಗೆ ಡಿಸಿಎಂ4ಚೀ: ಹೀಗೆ ಅದಾಗಲೇ ಇದ್ದ ಮುಕ್ತ ತಂತ್ರಾಂಶಗಳನ್ನು ಹೊಲಿದು ಒಂದು ಮಾಡಿದರು. ಓಪನ್‌ಎಂಆರ್‌ಎಸ್ 2004ರಲ್ಲಿ ಹುಟ್ಟಿದ್ದು ಕೀನ್ಯಾ ಮೊದಲಾದ ದೇಶಗಳ ಎಚ್‌ಐವಿ ರೋಗಿಗಳ ದಾಖಲೆ ಇಡಲು. ಗನಿಯಾರಿಯಲ್ಲಿ ರೂಪುಗೊಂಡ ಬಾಹ್ಮ್ನಿ ಮುಂದೆ ನೇಪಾಳದ ದೂರದ ಅಛಾಮ್ ಜಿಲ್ಲೆಯ ಬಯಲಪಾಟಾ ಆಸ್ಪತ್ರೆಗೂ ಹೋಯಿತು. ಒಂದು ಬಡ ಆಸ್ಪತ್ರೆಗೆ ಪಟ್ಟ ಶ್ರಮ ಮತ್ತೊಂದಕ್ಕೆ ಪರವಾನಗಿ ಶುಲ್ಕವಿಲ್ಲದೆ ದಕ್ಕಿತು. ತೆರಿಗೆ ಹಣದ ವಿಷಯದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಇದೇ: ಬಳ್ಳಾರಿಯ ಆಸ್ಪತ್ರೆಗೆಂದು ಮಾಡಿಸಿದ ಸುಧಾರಣೆ ಬೀದರಿಗೆ ಹೋಗುವಾಗ ಮತ್ತೆ ಹಣ ಕೇಳಬಾರದು.

ಹಾಗೆಂದು ಮುಕ್ತ ತಂತ್ರಾಂಶಕ್ಕೆ ಖರ್ಚೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಸು ಬಿಟ್ಟಿ ಸಿಕ್ಕರೂ ಮೇವು ಬಿಟ್ಟಿ ಸಿಗುವುದಿಲ್ಲ. ಸರ್ವರ್, ಯುಪಿಎಸ್, ನೆಟ್‌ವರ್ಕ್, ತರಬೇತಿ, ಹಳೆಯ ದಾಖಲೆ ತುಂಬುವ ಡಾಟಾ ಎಂಟ್ರಿ ಆಪರೇಟರ್‌ಗಳ ಕೂಲಿ: ಇವು ಎರಡೂ ಕಡೆ ಒಂದೇ. ಕಂಪನಿಯ ತಂತ್ರಾಂಶದಲ್ಲಿ ಇವುಗಳ ಮೇಲೆ ಹಾಸಿಗೆಗೆ ಇಷ್ಟು ಅಥವಾ ಬಳಕೆದಾರರಿಗೆ ಇಷ್ಟು ಎಂದು ಪರವಾನಗಿ ಶುಲ್ಕ, ವಾರ್ಷಿಕ ನಿರ್ವಹಣಾ ಒಪ್ಪಂದ, ಆಮೇಲೆ ಪ್ರತಿಯೊಂದು ಸಣ್ಣ ಬದಲಾವಣೆಗೂ ಬೇರೆ ಬಿಲ್ಲು. ಮುಕ್ತ ತಂತ್ರಾಂಶದಲ್ಲಿ ಅದೇ ಹಣ ಸಂಬಳವಾಗಿ ಹೋಗುತ್ತದೆ: ಜಿಲ್ಲೆಗೆ ಕನಿಷ್ಠ ಇಬ್ಬರು ಬಲ್ಲವರು, ಮೇಲೊಂದು ಬೆಂಬಲ ಸಂಸ್ಥೆ. ಇಬ್ಬರು ಎನ್ನುವುದಕ್ಕೆ ಕಾರಣವಿದೆ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನವೇ ಸರ್ವರ್ ಕೆಡುತ್ತದೆ.

ನಮ್ಮ ಸರ್ಕಾರಿ ಲೆಕ್ಕಪತ್ರಗಳ ರೀತಿಯೇ ಇಲ್ಲಿ ಅಡ್ಡ ಬರುತ್ತದೆ ಎಂಬುದನ್ನೂ ಹೇಳಬೇಕು. ಒಂದು ವಸ್ತು ಕೊಳ್ಳಲು ಹಣ ಸಿಗುತ್ತದೆ. ಒಬ್ಬ ಮನುಷ್ಯನನ್ನು ಐದು ವರ್ಷ ಉಳಿಸಿಕೊಳ್ಳಲು ಸಿಗುವುದಿಲ್ಲ. ತಂತ್ರಾಂಶದ ಪೆಟ್ಟಿಗೆ ಕೊಂಡರೆ ದಾಸ್ತಾನು ಪುಸ್ತಕದಲ್ಲಿ ಏರಿಸಬಹುದು. ಗುತ್ತಿಗೆಯ ಮೇಲಿನ ತಂತ್ರಜ್ಞರ ಅವಧಿ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ, ಅವರು ಕಲಿತದ್ದೂ ಅವರ ಜೊತೆ ಹೊರಡುತ್ತದೆ. ಕಂಪನಿಯ ತಂತ್ರಾಂಶ ಎಷ್ಟೋ ಕಡೆ ಗೆಲ್ಲುವುದು ಇದರಿಂದಲೇ.

ಭದ್ರತೆಯ ಬಗ್ಗೆ ಎರಡೂ ಕಡೆಯ ಉತ್ಪ್ರೇಕ್ಷೆ

ಕೋಡ್ ಎಲ್ಲರಿಗೂ ಕಂಡರೆ ರೋಗಿಗಳ ಗುಟ್ಟೂ ಕಾಣುತ್ತದಲ್ಲವೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ಕಾಣುವುದಿಲ್ಲ. ಲೆಕ್ಕದ ಪುಸ್ತಕದ ನಮೂನೆ ಊರಿಗೆಲ್ಲ ಗೊತ್ತಿದ್ದ ಮಾತ್ರಕ್ಕೆ ನಿಮ್ಮ ಅಂಗಡಿಯ ಸಾಲ ಯಾರದೆಂದು ಗೊತ್ತಾಗುವುದಿಲ್ಲ.

ಕಂಪನಿಯ ತಂತ್ರಾಂಶ ಸುರಕ್ಷಿತ ಎನ್ನುವವರು 2017ರ ಮೇ 12ನ್ನು ನೆನೆಯಬೇಕು. ಅಂದು ವಾನ್ನಕ್ರೈ ಎಂಬ ಸುಲಿಗೆ ವೈರಸ್ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ (ಅಲ್ಲಿ ಆಸ್ಪತ್ರೆಗಳನ್ನು ನಡೆಸುವ ಸರ್ಕಾರಿ ಘಟಕಗಳು) ಕನಿಷ್ಠ 80ನ್ನು ಬಾಧಿಸಿತು. ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಸಿಕ್ಕಿಬಿದ್ದದ್ದು ಹೆಚ್ಚಾಗಿ ವಿಂಡೋಸ್ 7 ಯಂತ್ರಗಳು. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ, ದೋಷ ಮುಚ್ಚುವ ತೇಪೆ (ಪ್ಯಾಚ್) ಕೊಟ್ಟಿತ್ತು. ಹಾಕಿಕೊಂಡಿರಲಿಲ್ಲ.

ಎಲ್ಲರೂ ನೋಡುವ ಕೋಡಿನಲ್ಲಿ ತಪ್ಪು ಉಳಿಯುವುದಿಲ್ಲ ಎಂದು ಮುಕ್ತ ತಂತ್ರಾಂಶದವರು ಹೇಳುತ್ತಾರೆ. ಮಾಹಿತಿಯನ್ನು ಗುಪ್ತವಾಗಿ ಸಾಗಿಸಲು ಜಗತ್ತಿನ ಎಷ್ಟೋ ಜಾಲತಾಣಗಳು ನೆಚ್ಚಿಕೊಂಡಿದ್ದ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ 2012ರಿಂದ 2014ರ ಏಪ್ರಿಲ್‌ವರೆಗೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದನ್ನು ನೋಡಿಕೊಳ್ಳಲು ಪೂರ್ಣಾವಧಿಗೆ ಇದ್ದದ್ದು ಒಬ್ಬರೇ. ನೋಡಬಹುದು ಎನ್ನುವುದಕ್ಕೂ ಯಾರೋ ನೋಡುತ್ತಿದ್ದಾರೆ ಎನ್ನುವುದಕ್ಕೂ ಬಹಳ ಅಂತರವಿದೆ.

ಇನ್ನು ನಮ್ಮ ದೇಶದ್ದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಇ-ಹಾಸ್ಪಿಟಲ್ ನಿಂತುಹೋಯಿತು. ಐದು ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಬೀಗ ಹಾಕಿಟ್ಟರು. ಹೆಚ್ಚುಕಡಿಮೆ ಎರಡು ವಾರ ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದು ಕಾಗದ, ಪೆನ್ನಿನ ಮೇಲೆ ನಡೆಯಿತು. ಸರ್ಕಾರ ಸಂಸತ್ತಿಗೆ ತಿಳಿಸಿದ ಕಾರಣ ತಂತ್ರಾಂಶದ ದೋಷವಲ್ಲ. ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ ಎಂಬುದು. ಕಾಪಾಡಿದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್.

ಆದ್ದರಿಂದ ಭದ್ರತೆಯ ಆಧಾರದ ಮೇಲೆ ಒಂದನ್ನು ಆರಿಸಬೇಡಿ. ಬದಲಿಗೆ ತೇಪೆ ಬಂದ ಎಷ್ಟು ದಿನದೊಳಗೆ ಹಾಕುತ್ತೀರಿ, ಹಾಕುವವರ ಹೆಸರೇನು, ನೆಟ್‌ವರ್ಕಿನಿಂದ ಬೇರ್ಪಟ್ಟ ಬ್ಯಾಕಪ್ ಎಲ್ಲಿದೆ, ಅದರಿಂದ ದಾಖಲೆಯನ್ನು ಹಿಂದಕ್ಕೆ ತಂದು ನೋಡಿದ್ದು ಯಾವಾಗ ಎಂದು ಎರಡೂ ಕಡೆಯವರನ್ನು ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಚೀಟಿ ಕೌಂಟರಿನ ಕಂಪ್ಯೂಟರ್ ಯಾವುದರಲ್ಲಿ ನಡೆಯುತ್ತಿದೆ ಎಂದು ನಾಳೆಯೇ ನೋಡಿ.

ಕಂಪನಿಯ ತಂತ್ರಾಂಶ ಎಲ್ಲಿ ಸರಿ

ಸಿಟಿ, ಎಂಆರ್‌ಐ, ಪ್ರಯೋಗಾಲಯದ ಅನಲೈಸರ್‌ಗಳ ಒಳಗಿನ ತಂತ್ರಾಂಶವನ್ನು ಯಂತ್ರದ ಜೊತೆಗೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರುತ್ತಾರೆ. ಅದನ್ನು ನಾವು ಮುಟ್ಟಬಾರದು. ಅಲ್ಲಿ ಕೇಳಬೇಕಾದದ್ದು ಇಷ್ಟೇ: ಚಿತ್ರ ಡೈಕಾಮ್ ರೂಪದಲ್ಲಿ, ಫಲಿತಾಂಶ ಎಚ್‌ಎಲ್‌7 ರೂಪದಲ್ಲಿ (ಬೇರೆ ತಂತ್ರಾಂಶಗಳೂ ಓದಬಲ್ಲ ಸಾಮಾನ್ಯ ಮಾನದಂಡಗಳಿವು) ಹೆಚ್ಚಿನ ಶುಲ್ಕವಿಲ್ಲದೆ ಹೊರಗೆ ಬರುತ್ತದೆಯೇ? ಯಂತ್ರ ಕೊಳ್ಳುವ ದಿನ ಇದನ್ನು ಬರೆಸಿಕೊಳ್ಳದಿದ್ದರೆ, ಪ್ರಯೋಗಾಲಯ ತಂತ್ರಜ್ಞರು ಯಂತ್ರದ ಪರದೆಯಲ್ಲಿ ಕಂಡ ಅಂಕಿಯನ್ನು ಇನ್ನೊಂದು ಪರದೆಗೆ ಕೈಯಿಂದ ಟೈಪು ಮಾಡುತ್ತಾ ಕೂರಬೇಕಾಗುತ್ತದೆ. 1.2 ಎಂಬುದು 12 ಆಗುವುದು ಅಲ್ಲೇ.

ಹೃದ್ರೋಗ, ಕ್ಯಾನ್ಸರ್ ವಿಕಿರಣ ಚಿಕಿತ್ಸೆಯಂಥ ವಿಭಾಗಗಳಲ್ಲೂ ನುರಿತ ಕಂಪನಿಗಳ ತಂತ್ರಾಂಶಕ್ಕೆ ಸಾಟಿಯಾದ ಮುಕ್ತ ತಂತ್ರಾಂಶ ಎಲ್ಲ ಕಡೆಯೂ ಸಿದ್ಧವಾಗಿ ಸಿಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಕೆಟ್ಟರೆ ಫೋನ್ ಎತ್ತುವವರು ಒಪ್ಪಂದದಲ್ಲಿ ಇರುವುದೂ ಸಣ್ಣ ಮಾತಲ್ಲ.

ಇಂಗ್ಲೆಂಡಿನ ಕುಟುಂಬ ವೈದ್ಯರ ಕ್ಲಿನಿಕ್‌ಗಳನ್ನು ನೋಡಿ. ಅವರಲ್ಲಿ ಬಹುಪಾಲು ಬಳಸುವುದು ಎಮಿಸ್ ಮತ್ತು ಟಿಪಿಪಿ ಎಂಬ ಎರಡು ಕಂಪನಿಗಳ ತಂತ್ರಾಂಶ. ಆದರೂ ರೋಗಿ ಒಂದು ಕ್ಲಿನಿಕ್ ಬಿಟ್ಟು ಇನ್ನೊಂದಕ್ಕೆ ಸೇರಿದರೆ, ಎರಡೂ ಕಡೆ ಬೇರೆ ಬೇರೆ ಕಂಪನಿಯ ತಂತ್ರಾಂಶವಿದ್ದರೂ, ಜಿಪಿ2ಜಿಪಿ ಎಂಬ ವ್ಯವಸ್ಥೆಯ ಮೂಲಕ ದಾಖಲೆ ಅವರ ಹಿಂದೆಯೇ ಹೋಗುತ್ತದೆ. ಕಂಪನಿಗಳು ಹೀಗೆ ಬಾಗಿದ್ದು ದೇಶಕ್ಕೆಲ್ಲ ಒಂದೇ ಖರೀದಿದಾರನಾಗಿ ಆರೋಗ್ಯ ಸೇವೆ ಎದುರು ನಿಂತು ಇದನ್ನು ಕಡ್ಡಾಯ ಮಾಡಿದ್ದರಿಂದ. ಅದೇ ಆರೋಗ್ಯ ಸೇವೆ 2002ರಲ್ಲಿ ಆಸ್ಪತ್ರೆಗಳಿಗೆಲ್ಲ ಮೇಲಿನಿಂದ ಒಂದೇ ಬೃಹತ್ ಗಣಕ ಯೋಜನೆ ಹೇರಲು ಹೊರಟು, ನೂರಾರು ಕೋಟಿ ಪೌಂಡ್ ಸುರಿದ ಮೇಲೆ 2011ರಲ್ಲಿ ಅದನ್ನು ಕಳಚಿಹಾಕಿತು.

ಯಾರಿಗೆ ಯಾವುದು

ಪ್ರಾಥಮಿಕ ಆರೋಗ್ಯ ಕೇಂದ್ರ ತನ್ನದೇ ಆಯ್ಕೆಗೆ ಇಳಿಯಬಾರದು. ಅಲ್ಲಿ ಇರುವ ನಾಲ್ಕಾರು ಜನರಿಗೆ ರೋಗಿಗಳನ್ನು ನೋಡುವುದೇ ಆಗುವುದಿಲ್ಲ. ಇಲಾಖೆ ಕೊಟ್ಟದ್ದನ್ನು ಬಳಸಲಿ. ಆದರೆ ಇಲಾಖೆ ಒಂದು ವಿಷಯ ಗಮನಿಸಬೇಕು: ಒಂದೇ ಬಾಣಂತಿಯ ಹೆಸರನ್ನು ಮೂರು ಪೋರ್ಟಲ್‌ಗಳಲ್ಲಿ ಮೂರು ಸಲ ತುಂಬುವಂತೆ ಮಾಡಿದರೆ ಯಾವ ತಂತ್ರಾಂಶವಾದರೂ ಸಿಬ್ಬಂದಿಗೆ ಹೊರೆಯೇ.

ತಾಲ್ಲೂಕು ಆಸ್ಪತ್ರೆ, ಐವತ್ತು ನೂರು ಹಾಸಿಗೆಯ ಟ್ರಸ್ಟ್ ಆಸ್ಪತ್ರೆಗಳಿಗೆ ಬಾಹ್ಮ್ನಿಯಂಥದ್ದು ಚೆನ್ನಾಗಿ ಹೊಂದುತ್ತದೆ. ಸರ್ವರ್ ಆಸ್ಪತ್ರೆಯೊಳಗೇ ಇಟ್ಟುಕೊಳ್ಳಬಹುದಾದ್ದರಿಂದ ಇಂಟರ್ನೆಟ್ ಹೋದರೂ ಚೀಟಿ ಕೌಂಟರ್ ನಿಲ್ಲುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇ-ಹಾಸ್ಪಿಟಲ್ ಅದಾಗಲೇ ಹದವಾಗಿ ನಡೆಯುತ್ತಿದ್ದರೆ ಮುಕ್ತ ಎಂಬ ಹೆಸರಿಗಾಗಿ ಕಿತ್ತುಹಾಕಬೇಡಿ. ನಡೆಯುತ್ತಿರುವ ಆಸ್ಪತ್ರೆಯ ತಂತ್ರಾಂಶ ಬದಲಿಸುವುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ಸ್ಪೋಕೇನ್ ಸಾಕ್ಷಿ.

ವೈದ್ಯಕೀಯ ಕಾಲೇಜು ಆಸ್ಪತ್ರೆಗಳದು ಮಿಶ್ರ ದಾರಿ. ರೋಗಿಯ ದಾಖಲೆ ಇರುವ ನಡುವಿನ ಭಾಗ ಮುಕ್ತವಾಗಿರಲಿ. ಯಂತ್ರಗಳಿಗೂ ವಿಶೇಷ ವಿಭಾಗಗಳಿಗೂ ಕಂಪನಿಗಳದು ಇರಲಿ. ಪಕ್ಕದಲ್ಲೇ ಎಂಜಿನಿಯರಿಂಗ್ ಕಾಲೇಜು ಇರುವ ಊರುಗಳಲ್ಲಿ ಬಲ್ಲವರನ್ನು ತಯಾರು ಮಾಡುವುದು ಇನ್ನೂ ಸುಲಭ.

ಜಿಲ್ಲೆ, ರಾಜ್ಯ ಮಟ್ಟದ ವರದಿ ವ್ಯವಸ್ಥೆಯ ಬಗ್ಗೆ ಹೆಚ್ಚು ಚರ್ಚೆಯೇ ಬೇಡ. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದವರು ನೋಡಿಕೊಳ್ಳುವ ಡಿಎಚ್‌ಐಎಸ್2 ಎಂಬ ಮುಕ್ತ ತಂತ್ರಾಂಶ ಮೊದಲು ಬಳಕೆಗೆ ಬಂದದ್ದು 2006ರಲ್ಲಿ ನಮ್ಮ ನೆರೆಯ ಕೇರಳದಲ್ಲಿ. ಶ್ರೀಲಂಕಾದವರು 2020ರ ಆರಂಭದಲ್ಲಿ, ಕೋವಿಡ್ ಇನ್ನೂ ಹೊಸತಾಗಿದ್ದಾಗ, ಹೊರದೇಶದಿಂದ ಬರುವವರ ಮೇಲೆ ನಿಗಾ ಇಡಲು ಕೆಲವೇ ದಿನಗಳಲ್ಲಿ ಅದನ್ನು ಸಜ್ಜುಗೊಳಿಸಿದರು. ಆಮೇಲೆ ಬೇರೆ ದೇಶಗಳು ಅದನ್ನೇ ತೆಗೆದುಕೊಂಡವು. ಪರವಾನಗಿಗೆ ಟೆಂಡರ್ ಕರೆಯುತ್ತಾ ಕುಳಿತಿದ್ದರೆ ಮೊದಲ ಅಲೆಯೇ ಮುಗಿದುಹೋಗುತ್ತಿತ್ತು. ಕೇರಳದಲ್ಲಿ ಅದೇ ದಿನಗಳಲ್ಲಿ ಹುಟ್ಟಿದ ಕೇರ್ ಎಂಬ ಮುಕ್ತ ತಂತ್ರಾಂಶ ಆಮೇಲೆ ಹತ್ತು ಹಾಸಿಗೆಯ ತೀವ್ರ ನಿಗಾ ಘಟಕಗಳನ್ನು ಕಟ್ಟುವ 10ಬೆಡ್‌ಐಸಿಯು ಯೋಜನೆಯ ಮೂಲಕ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೆ ಬಂತು.

ಕನ್ನಡದ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ನಂತರವೋ ಎಂಬುದು ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ ಕನ್ನಡದಲ್ಲಿರಬೇಕು. ಮುಕ್ತ ತಂತ್ರಾಂಶದಲ್ಲಿ ಪದಗಳ ಪಟ್ಟಿಯನ್ನು ನಮ್ಮ ಊರಿನ ಫಾರ್ಮಸಿಸ್ಟ್, ಮೇಷ್ಟ್ರು ಕುಳಿತು ಅನುವಾದಿಸಿ ಸೇರಿಸಬಹುದು. ಕಂಪನಿಯ ತಂತ್ರಾಂಶವಾದರೆ ಅರ್ಜಿ ಬರೆದು, ದರಪಟ್ಟಿ ತರಿಸಿ, ಮುಂದಿನ ಆವೃತ್ತಿಗೆ ಕಾಯಬೇಕು.

ಒಪ್ಪಂದದಲ್ಲಿ ಬಿಡಬಾರದ ಮಾತುಗಳು

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಏಳು ವರ್ಷ ಒಂದೇ ಆಸ್ಪತ್ರೆಯಲ್ಲಿ ತೋರಿಸಿದ್ದರು. ಮೂತ್ರಪಿಂಡದ ತೊಂದರೆ ಶುರುವಾದಾಗ ಹೊಸ ವೈದ್ಯರು ಕೇಳಿದ್ದು ಒಂದೇ: ಹಿಂದಿನ ವರ್ಷಗಳಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿತ್ತು? ಏರಿದ್ದು ನಿಧಾನವಾಗಿಯೋ ಒಮ್ಮೆಲೇ ಏನೋ? ಆಸ್ಪತ್ರೆಯವರು ಅಷ್ಟರಲ್ಲಿ ತಂತ್ರಾಂಶ ಬದಲಿಸಿದ್ದರು. ಹಳೆಯ ಕಂಪನಿಯ ಒಪ್ಪಂದ ಮುಗಿದಿತ್ತು. ಮಾಹಿತಿ ಸರ್ವರಿನಲ್ಲಿ ಇದ್ದರೂ ಓದಲು ಬರುತ್ತಿರಲಿಲ್ಲ. ದೊಡ್ಡಮ್ಮ ತಮ್ಮ ಬಟ್ಟೆಯ ಚೀಲದಿಂದ ಮಾಸಿದ ಮೂರು ಚೀಟಿ ತೆಗೆದುಕೊಟ್ಟರು. ಚಿಕಿತ್ಸೆ ಆ ಮೂರು ಚೀಟಿಯ ಆಧಾರದ ಮೇಲೆ ನಡೆಯಿತು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂದೂ ನನಗೆ ಅನಿಸುವುದಿಲ್ಲ.

ದಾಖಲೆ ಬಿಡಿಸಿಕೊಳ್ಳಲಾಗದ ಒಪ್ಪಂದಕ್ಕೆ ಸಹಿ ಹಾಕುವುದೆಂದರೆ ಜುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಇದನ್ನು ತಪ್ಪಿಸಲು ಬೇಕಾದ ಆಧಾರಗಳು ಈಗಾಗಲೇ ಇವೆ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ 2015ರದು. ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನದಂಡಗಳು 2013ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾದವು. ರೋಗ, ಚಿಕಿತ್ಸೆಗಳನ್ನು ಹೆಸರಿಸುವ ಸ್ನೋಮೆಡ್ ಸಿಟಿ ಎಂಬ ಪದಪಟ್ಟಿಗೆ ಭಾರತ 2014ರಲ್ಲಿ ಸದಸ್ಯ ದೇಶವಾದ್ದರಿಂದ ಇಲ್ಲಿ ಅದರ ಬಳಕೆಗೆ ಶುಲ್ಕವಿಲ್ಲ. 2021ರ ಸೆಪ್ಟೆಂಬರ್‌ನಿಂದ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದಾಖಲೆಗಳ ವಿನಿಮಯಕ್ಕೆ ಎಫ್‌ಎಚ್‌ಐಆರ್ ರೂಪವನ್ನು ನಿಗದಿ ಮಾಡಿದೆ. ರೋಗಿಗೆ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆಯಿದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ಟೆಂಡರ್ ಕರೆಯುವಾಗ ಕಡಿಮೆ ದರ ಒಂದನ್ನೇ ನೋಡಬೇಕಾಗಿ ಬಾರದಂತೆ, ಇವನ್ನೆಲ್ಲ ತಾಂತ್ರಿಕ ಅರ್ಹತೆಯ ಷರತ್ತುಗಳಾಗಿ ಮೊದಲೇ ಬರೆದಿಡಿ. ದರ ತೆರೆದ ಮೇಲೆ ನೆನಪಾದರೆ ತಡವಾಯಿತು.

ಯಾವ ಬಗೆಯ ತಂತ್ರಾಂಶವಾದರೂ ಈ ನಾಲ್ಕು ಒಪ್ಪಂದದಲ್ಲಿರಲಿ:

- ದಾಖಲೆಗಳ ಒಡೆತನ ಆಸ್ಪತ್ರೆ ಮತ್ತು ರೋಗಿಯದು. ಒಪ್ಪಂದ ಮುಗಿದಾಗ ಎಲ್ಲ ದಾಖಲೆಗಳನ್ನೂ ಪಿಡಿಎಫ್ ಆಗಿ ಅಲ್ಲ, ಮುಕ್ತ ಮಾನದಂಡದ ರೂಪದಲ್ಲಿ ಶುಲ್ಕವಿಲ್ಲದೆ ಕೊಡಬೇಕು.
- ಕಂಪನಿ ಮುಚ್ಚಿದರೆ ಅಥವಾ ಮಾರಾಟವಾದರೆ ಕೋಡ್ ಆಸ್ಪತ್ರೆಗೆ ಸಿಗುವಂತೆ ಮೂರನೆಯವರ ಬಳಿ ಠೇವಣಿ ಇಡಬೇಕು.
- ಮುಕ್ತ ತಂತ್ರಾಂಶವನ್ನು ಹಾಕಿಕೊಡುವ ಗುತ್ತಿಗೆದಾರರು ತಾವು ಮಾಡಿದ ತಿದ್ದುಪಡಿಗಳ ಕೋಡನ್ನು ಪ್ರತಿ ಕಂತಿನ ಹಣಕ್ಕೂ ಮುಂಚೆ ಒಪ್ಪಿಸಬೇಕು. ತಿದ್ದಿದ ಕೋಡ್ ಬಳಸುವವರಿಗೆ ಸಿಗಬೇಕೆಂದು ಬಾಹ್ಮ್ನಿಯ ಎಜಿಪಿಎಲ್ ಪರವಾನಗಿಯೂ ಹೇಳುತ್ತದೆ. ಒಪ್ಪಿಸದಿದ್ದರೆ ಹೆಸರು ಮುಕ್ತ, ನಡೆ ಕಂಪನಿಯದು.
- ವರ್ಷಕ್ಕೆ ಎರಡು ಸಲ ಬ್ಯಾಕಪ್‌ನಿಂದ ದಾಖಲೆ ಮರಳಿ ತಂದು ತೋರಿಸಬೇಕು.

ಪ್ರಾತ್ಯಕ್ಷಿಕೆಯ ದಿನ ಬಣ್ಣದ ಚಿತ್ರಪಟಗಳನ್ನು ನೋಡುತ್ತಾ ಕೂರಬೇಡಿ. ಕಲ್ಪಿತ ರೋಗಿಯೊಬ್ಬರನ್ನು ನೋಂದಾಯಿಸಿ. ಶುಶ್ರೂಷಾಧಿಕಾರಿಯೊಬ್ಬರಿಂದಲೇ ರಕ್ತದೊತ್ತಡ ಬರೆಸಿ, ನಿಮ್ಮ ವೈದ್ಯರಿಂದ ಔಷಧ ಬರೆಸಿ, ಎರಡು ಪರೀಕ್ಷೆಯ ಫಲಿತಾಂಶ ತುಂಬಿಸಿ. ಹೆಸರಿನಲ್ಲಿ ತಪ್ಪು ಮಾಡಿ ತಿದ್ದಿಸಿ. ನಡುವೆ ಇಂಟರ್ನೆಟ್ ತಂತಿಯನ್ನು ಕಿತ್ತು ನೋಡಿ. ಕೊನೆಗೆ ಆ ರೋಗಿಯ ದಾಖಲೆಯಷ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಡಲು ಹೇಳಿ, ಇನ್ನೊಂದು ತಂತ್ರಾಂಶವಿರುವ ಕಂಪ್ಯೂಟರ್‌ನಲ್ಲಿ ಸಮಿತಿಯ ಎದುರೇ ತೆರೆಸಿ. ಹೆಸರು, ಔಷಧದ ಪ್ರಮಾಣ, ಪರೀಕ್ಷೆಯ ಅಂಕಿ, ದಿನಾಂಕ ಎಲ್ಲವೂ ಅಲ್ಲಿ ಸರಿಯಾಗಿ ಕಾಣುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.